ಮಗ್ಗದಿಂದ ಮನೆಗೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂತಹ ಸಮಾರಂಭಗಳಲ್ಲಿ ಕನ್ನಡ ಉಪಾಧ್ಯಾಯರು ಎದ್ದು ನಿಂತರೆ ಪಂಪ ರನ್ನರ ಮಾತೋ ದಾಸರ ಮಾತೋ ಬರುವುದೆಂದು ಸಭಿಕರು ನಿರೀಕ್ಷಿಸುವುದು ಸಹಜವೇ ಆಗಿದೆ. ಇಂದು ನಾವು ಆ ವಾಡಿಕೆಯನ್ನು ಸ್ವಲ್ಪ ಬದಿಗಿರಿಸಿ, ಸೀರೆಯ ವಿಷಯವನ್ನು ಎತ್ತಿಕೊಂಡಿದ್ದೇವೆ. ಅದರಲ್ಲಿಯೂ ಸೀರೆಯ ಅಂದಚೆಂದವನ್ನು ವರ್ಣಿಸುವುದು ನಮ್ಮ ಉದ್ದೇಶವಲ್ಲ. ಕೈಮಗ್ಗದ ಮೇಲೆ ಸೀರೆಯನ್ನು ನೇಯ್ದವನಿಗೆ ಅದನ್ನು ಕೊಳ್ಳುವ ಗಿರಾಕಿ ಹೇಗೆ ದೊರೆಯಬೇಕು ಎಂಬುದೇ ಇಂದಿನ ನಮ್ಮ ವಿಚಾರ. ಒಂದು ನಾಡಿನಲ್ಲಿ ಭಾಷೆ ಬಾಳಬೇಕಾದರೆ ಆ ಭಾಷೆಯನ್ನಾಡುವ ಮನೆಗಳಲ್ಲಿ ಒಲೆ ಉರಿಯಬೇಕು. ಬದುಕನ್ನರಸಿ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋದ ಮನೆಯಲ್ಲಿ ಬೀಗವೇ ಉಳಿಯುತ್ತದೆ. ಬೀಗಕ್ಕೆ ಯಾವ ಭಾಷೆಯೂ ಇಲ್ಲ. ಆದಕಾರಣ ನೇಕಾರನ ಗಿರಾಕಿಯ ಪ್ರಶ್ನೆ ನಮ್ಮ ಪಾಲಿಗೆ ಕನ್ನಡದ ಪ್ರಶ್ನೆಯೂ ಆಗಿದೆಯೆಂದು ಭಾವಿಸಿ ಮಾತನಾಡುತ್ತೇವೆ.

ಮೊದಲಿಗೆ ನಮ್ಮ ಸೀಮೆ ಎಂತಹುದೆಂಬುದನ್ನು ನೆನೆಯೋಣ. ಉತ್ತರಕ್ಕೆ ನಾರಾಯಣಪೇಟೆ, ನಡುವೆ ಮಕ್ತಲ, ಹೊಳೆಯಾಚೆ ಗದ್ವಾಲ. ಇವುಗಳ ಮಧ್ಯೆ 1981ರಲ್ಲಿ ಶಂಕುಸ್ಥಾಪನೆಯಾಗಿ 1995ರಲ್ಲಿ ಉದ್ಘಾಟನೆಗೊಂಡ ಜೂರಾಲದ ಅಣೆಕಟ್ಟು. ಭೀಮೆಯನ್ನು ಕೂಡಿಸಿಕೊಂಡ ಕೃಷ್ಣೆ ಕನ್ನಡ ನಾಡಿನಿಂದ ಇಲ್ಲಿಗೆ ಹರಿದು ಬರುತ್ತಾಳೆ. ಅವಳಿಗೆ ಗಡಿಯ ಕಲ್ಲು ಕಾಣುವುದಿಲ್ಲ. 1956ರ ಪ್ರಾಂತ ಪುನರ್ವಿಂಗಡಣೆಯವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೇ ಇದ್ದುವು. ಬಳಿಕ ಅವು ಮಹಬೂಬನಗರ ಜಿಲ್ಲೆಗೆ ಸೇರಿದುವು. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ, ಹೀಗೆ ಹೊಸ ಜಿಲ್ಲೆಗಳಾದುವು. ಕಚೇರಿಯ ಕಾಗದಗಳಲ್ಲಿ ಊರುಗಳ ವಿಳಾಸ ಇಷ್ಟು ಸಲ ಬದಲಾದರೂ ಹೆಣ್ಣು ಕೊಡುವುದು, ತರುವುದು, ಜಾತ್ರೆಗೆ ಹೋಗುವುದು, ಸಂತೆ ಮಾಡುವುದು ಇವು ನಿಂತಿಲ್ಲ. ಈ ಮಾತನ್ನು ಸಭಿಕರು ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇವೆ. ಏಕೆಂದರೆ ನೇಕಾರನಿಗೆ ದೊರೆಯಬೇಕಾದ ಗಿರಾಕಿಗಳ ಬಹುಭಾಗ ಈ ಹಳೆಯ ಬಳಕೆಯ ದಾರಿಯಲ್ಲಿಯೇ ಇದ್ದಾರೆ.

ಈ ಸೀಮೆಯ ಎರಡು ಸೀರೆಗಳು ದೇಶದಲ್ಲೆಲ್ಲ ಹೆಸರು ಪಡೆದಿವೆ. ನಾರಾಯಣಪೇಟೆಯ ಸೀರೆ ಒಡಲಿನಲ್ಲಿ ಚೌಕಳಿ, ಅಂಚಿನಲ್ಲಿ ಗುಡಿಯ ಗೋಪುರದ ಸಾಲು, ದಟ್ಟವಾದ ಎದುರು ಬಣ್ಣ ಇವುಗಳಿಂದ ಗುರುತಾಗುತ್ತದೆ. ಶಿವಾಜಿ ಮಹಾರಾಜರ ದಂಡಿನೊಡನೆ ಬಂದ ನೇಕಾರರು ಇಲ್ಲಿ ಉಳಿದುಕೊಂಡರೆಂಬ ಐತಿಹ್ಯ ನಮ್ಮಲ್ಲಿ ಬಳಕೆಯಲ್ಲಿದೆ. ಆ ಘಟನೆಗೆ 1630ನೆಯ ಇಸವಿಯನ್ನು ಹೇಳುವವರಿದ್ದಾರೆ. ಶಿವಾಜಿ ಹುಟ್ಟಿದುದೇ 1630ರಲ್ಲಿ. ತೊಟ್ಟಿಲಲ್ಲಿದ್ದ ಕೂಸು ದಂಡು ತರುವುದು ಅಸಾಧ್ಯ. ಅವರು ದಕ್ಷಿಣದ ದಂಡಯಾತ್ರೆಗಾಗಿ ಗೋಲ್ಕೊಂಡಕ್ಕೆ ಬಂದುದು 1677ರಲ್ಲಿ. ಐತಿಹ್ಯದಲ್ಲಿ ಸತ್ಯಾಂಶವಿದ್ದರೆ ಅದು ಆ ಕಾಲಕ್ಕೆ ಹೊಂದೀತು. ಗಿರಾಕಿಗೆ ಕಥೆ ಹೇಳುವಾಗಲೂ ಲೆಕ್ಕಕ್ಕೆ ನಿಲ್ಲುವ ಕಥೆಯನ್ನೇ ಹೇಳುವುದು ಲೇಸೆಂದು ತೋರಿಸುವುದಕ್ಕಾಗಿ ಇಷ್ಟನ್ನು ಹೇಳಿದೆವು. ಇನ್ನು ಈ ಸೀರೆಯ ನೆಯ್ಗೆಯಲ್ಲಿ ಒಂದು ವಿಶೇಷವುಂಟು. ಒಂದೊಂದು ಸೀರೆಗೆ ಒಂದೊಂದು ಹಾಸು ಹೂಡದೆ, ಏಳು ಗಜದ ಎಂಟು ಸೀರೆಗಳಿಗಾಗುವಂತೆ ಐವತ್ತಾರು ಗಜದ ಹಾಸನ್ನು ಒಮ್ಮೆಲೇ ಮಗ್ಗಕ್ಕೇರಿಸುವುದು ಇಲ್ಲಿಯ ಪದ್ಧತಿ. ಈ ಎಂಟರ ಲೆಕ್ಕಕ್ಕೆ ಮುಂದೆ ಮರಳಿ ಬರುತ್ತೇವೆ.

ಗದ್ವಾಲದ ಸೀರೆಯ ಬಗೆ ಬೇರೆ. ಒಡಲು ಹತ್ತಿ, ಅಂಚು ಸೆರಗುಗಳು ರೇಷ್ಮೆ. ಹತ್ತಿಯ ಹೊಕ್ಕನ್ನೂ ರೇಷ್ಮೆಯ ಹೊಕ್ಕನ್ನೂ ಬೇರೆ ಬೇರೆ ಲಾಳಿಗಳಿಂದ ಎಸೆದು, ಅಂಚು ಒಡಲನ್ನು ಕೂಡುವ ಎಡೆಯಲ್ಲಿ ಒಂದನ್ನೊಂದು ಹೆಣೆದು ಸಾಗಬೇಕು. ಈ ಹೆಣಿಗೆಗೆ ಕುಪ್ಪಡವೆಂದು ಹೆಸರು; ಕೋಟಕೊಮ್ಮ, ಕುಂಭ ಮುಂತಾದವು ಅಂಚಿನ ವಿನ್ಯಾಸಗಳು. ಬೆಂಕಿಪೊಟ್ಟಣದಲ್ಲಿ ಮಡಿಚಿಡಬಹುದಾದಷ್ಟು ನವುರೆಂದು ಈ ಸೀರೆಯನ್ನು ಜನ ಹೊಗಳುತ್ತಾರೆ. ಗದ್ವಾಲದ ನೇಕಾರರು ವ್ರತದಲ್ಲಿದ್ದು ನೇಯುವ ಜೋಡು ಪಂಚೆಗಳು ತಿರುಮಲೆಯ ಬ್ರಹ್ಮೋತ್ಸವಕ್ಕೆ ಸಂಸ್ಥಾನದ ಪರವಾಗಿ ಸಲ್ಲುವ ಸಂಪ್ರದಾಯ ತಲೆಮಾರುಗಳಿಂದ ನಡೆದುಬಂದಿದೆ. ಕವಿ ಪಂಡಿತರಿಗೆ ಆಶ್ರಯವಿತ್ತು ವಿದ್ವದ್ಗದ್ವಾಲವೆನಿಸಿಕೊಂಡ ಆ ಸಂಸ್ಥಾನದ ಅರಮನೆ ನೇಕಾರರಿಗೂ ಆಶ್ರಯವಾಗಿತ್ತು.

ಇಲ್ಲಿಯೇ ನಮ್ಮ ವಿಚಾರದ ಮೊದಲ ಗಂಟು ಇದೆ. ಹಿಂದಿನ ನೇಕಾರನು ಗಿರಾಕಿಯನ್ನು ಹುಡುಕಬೇಕಾಗಿರಲಿಲ್ಲ. ದೇವಸ್ಥಾನ, ಅರಮನೆ, ದೇಸಾಯರ ವಾಡೆ, ಊರಿನ ಮದುವೆ ಇವು ಅವನ ಬಾಗಿಲಿಗೆ ಬರುತ್ತಿದ್ದುವು. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು; ಮರುವರ್ಷ ಜಾಗೀರುಗಳು ರದ್ದಾದುವು. ಪ್ರಜೆಗಳಿಗೆ ಅದು ಬಿಡುಗಡೆಯೇ ಸರಿ. ಆದರೆ ನೇಕಾರನ ಪಾಲಿಗೆ ಹೆಸರು ಹಿಡಿದು ಕೂಗಿ ಬಟ್ಟೆ ಕೊಳ್ಳುತ್ತಿದ್ದ ಮನೆಗಳು ಇಲ್ಲವಾದುವು. ಆ ಜಾಗದಲ್ಲಿ ಬಂದು ನಿಂತವನು ಸಾಹುಕಾರ. ಅವನು ನೂಲು ಕೊಡುತ್ತಾನೆ, ಜರಿ ಕೊಡುತ್ತಾನೆ, ಮಾದರಿ ಹೇಳುತ್ತಾನೆ, ನೇಯ್ದ ಸೀರೆಗೆ ಮಜೂರಿ ಕೊಟ್ಟು ಒಯ್ಯುತ್ತಾನೆ. ಅವನನ್ನು ಬರಿದೇ ದೂರುವುದು ನ್ಯಾಯವಲ್ಲ. ಸೀರೆ ಮಾರಾಟವಾಗದೆ ಉಳಿದರೆ ಅದರ ನಷ್ಟ ಅವನದು; ಮಳೆಗಾಲದಲ್ಲಿ ಮುಂಗಡ ಕೊಡುವವನೂ ಅವನೇ. ಆದರೆ ಈ ಏರ್ಪಾಟಿನಲ್ಲಿ ಒಂದು ಕೊರತೆ ಉಳಿಯುತ್ತದೆ. ಸೀರೆಯುಟ್ಟವಳ ಮುಖವನ್ನು ನೇಯ್ದವನು ಕಾಣುವುದಿಲ್ಲ; ನೇಯ್ದವನ ಹೆಸರನ್ನು ಉಟ್ಟವಳು ಅರಿಯಳು. ಯಾವ ಬಣ್ಣ ಜನರಿಗೆ ಮೆಚ್ಚಿಗೆಯಾಯಿತು, ಯಾವ ಅಂಚು ಬೇಗ ಜೀರ್ಣವಾಯಿತು ಎಂಬ ತಿಳಿವಳಿಕೆ ಮಗ್ಗದವರೆಗೆ ಬರುವುದೇ ಇಲ್ಲ. ಗಿರಾಕಿಯ ಪರಿಚಯವಿಲ್ಲದ ಕುಶಲಿ ಎಷ್ಟೇ ನಿಪುಣನಾಗಿದ್ದರೂ ಕೂಲಿಯಾಳಾಗಿಯೇ ಉಳಿಯುತ್ತಾನೆ.

ಕೈಯಿಂದ ಮಾಡಿದ ವಸ್ತುವಿಗೆ ಬೆಲೆ ಕಟ್ಟುವ ಕಷ್ಟ ಇಂದಿನದಲ್ಲ. ನಮ್ಮ ನೆರೆಯ ಯಾದಗಿರಿ ಜಿಲ್ಲೆಯ ಮುದನೂರಿನವನೂ ಆದ್ಯ ವಚನಕಾರನೆಂದು ಪ್ರಸಿದ್ಧನೂ ಆದ ದಾಸಿಮಯ್ಯನು ಕಾಯಕದಿಂದ ನೇಕಾರನಷ್ಟೆ. ಬಹುಕಾಲ ಕುಳಿತು ನೇಯ್ದ ಅಪೂರ್ವವಾದ ವಸ್ತ್ರವೊಂದನ್ನು ಅವನು ಸಂತೆಗೆ ಒಯ್ದನೆಂದೂ, ಅದಕ್ಕೆ ಬೆಲೆ ಕಟ್ಟಬಲ್ಲವರು ಯಾರೂ ಇಲ್ಲದೆ ಹಿಂದಿರುಗಿದನೆಂದೂ, ಚಳಿಯಲ್ಲಿ ನಡುಗುತ್ತಿದ್ದ ಮುದುಕನ ರೂಪಿನಲ್ಲಿ ಬಂದ ಶಿವನಿಗೆ ಅದನ್ನು ಒಪ್ಪಿಸಿದನೆಂದೂ ಕಥೆಯಿದೆ. ಭಕ್ತಿಯ ಕಣ್ಣಿನಿಂದ ನೋಡಿದರೆ ಅದು ದಾಸೋಹದ ಕಥೆ. ಸಂತೆಯ ಕಣ್ಣಿನಿಂದ ನೋಡಿದರೆ, ಉತ್ತಮವಾದ ವಸ್ತುವನ್ನು ಅದನ್ನರಿಯದವರ ನಡುವೆ ಹರವಿದರೆ ಏನಾಗುತ್ತದೆಂಬುದರ ಕಥೆಯೂ ಹೌದು. ದಾಸಿಮಯ್ಯನಿಗೆ ತವನಿಧಿ ದೊರೆಯಿತಂತೆ. ಇಂದಿನ ನೇಕಾರನಿಗೆ ತವನಿಧಿಯೆಂದರೆ ತಿಳಿದು ಕೊಳ್ಳುವ, ಮತ್ತೆ ಮತ್ತೆ ಬರುವ ಗಿರಾಕಿಗಳೇ.

ಹಾಗಾದರೆ ಎಷ್ಟು ಗಿರಾಕಿಗಳು ಬೇಕು? ಈ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲವೆಂಬುದೇ ಆಶ್ಚರ್ಯ. ಮಾರಾಟವೆಂದೊಡನೆ ದೊಡ್ಡ ಪಟ್ಟಣ, ದೊಡ್ಡ ಅಂಗಡಿ, ದೊಡ್ಡ ಜಾಹೀರಾತು ಇವೇ ಕಣ್ಣ ಮುಂದೆ ಬರುತ್ತವೆ. ಗಣಿತದ ಉಪಾಧ್ಯಾಯರ ಕ್ಷಮೆ ಕೇಳಿ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಸಾದಾ ಹತ್ತಿ ಸೀರೆ ದಿನವೊಂದರಲ್ಲಿಯೇ ಮುಗಿಯಬಹುದು. ರೇಷ್ಮೆಯದಕ್ಕೆ ಹೆಚ್ಚು ದಿನಗಳು ಬೇಕು. ನಡುವಣ ತರದ, ಅಂಚು ಸೆರಗುಗಳಲ್ಲಿ ಕೆಲಸವಿರುವ ಸೀರೆಗೆ ಮೂರು ದಿನವೆಂದು ಇಟ್ಟುಕೊಳ್ಳೋಣ. ಎಂಟು ಸೀರೆಯ ಒಂದು ಹಾಸಿಗೆ ಇಪ್ಪತ್ತನಾಲ್ಕು ದಿನ. ಹಬ್ಬ, ಅಮಾವಾಸ್ಯೆ, ಹಾಸು ಹೂಡುವ ದಿನ ಇವನ್ನು ಸೇರಿಸಿದರೆ ಹೆಚ್ಚುಕಡಿಮೆ ಒಂದು ತಿಂಗಳು. ಕಾಯಿಲೆ ಕಸಾಲೆಗಳಿಗೆ, ಮಳೆಯ ಥಂಡಿಗೆ ಎರಡು ತಿಂಗಳು ಬಿಟ್ಟರೆ ವರ್ಷಕ್ಕೆ ಹತ್ತು ಹಾಸುಗಳು, ಎಂದರೆ ಎಂಬತ್ತು ಸೀರೆಗಳು. ಒಂದು ಮಗ್ಗದ ಸಂಸಾರ ಬಾಳುವುದಕ್ಕೆ ಲಕ್ಷ ಗಿರಾಕಿಗಳು ಬೇಕಿಲ್ಲ. ವರ್ಷಕ್ಕೆ ಎಂಬತ್ತು ಮಂದಿ ಸಾಕು. ಎಂಬತ್ತು ಮಂದಿಯ ಹೆಸರುಗಳು ಒಂದು ಶಾಲೆಯ ಎರಡು ತರಗತಿಗಳ ಹಾಜರಿ ಪುಸ್ತಕದಲ್ಲಿ ಹಿಡಿಯುತ್ತವೆ. ಈ ಸಂಖ್ಯೆಯನ್ನು ಕೇಳಿದ ಮೇಲೆ ಕಾರ್ಯ ಅಸಾಧ್ಯವೆಂದು ತೋರಲಾರದು.

ಎರಡನೆಯದು ಬೆಲೆಯ ಲೆಕ್ಕ. ಈಗ ನಾವು ಹೇಳುವ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕೆ ಮಾತ್ರ. ಪೇಟೆಯ ಧಾರಣೆಯೆಂದು ಯಾರೂ ತಿಳಿಯಬಾರದು. ಒಂದು ಸೀರೆಗೆ ನೂಲು, ಜರಿ, ಬಣ್ಣ ಸೇರಿ 900 ರೂಪಾಯಿ. ಮೂರು ದಿನದ ನೆಯ್ಗೆಗೆ ದಿನಕ್ಕೆ 500ರಂತೆ 1500. ಕಂಡಿಕೆ ಸುತ್ತುವುದು, ಗಂಜಿ ಹಾಕುವುದು, ಎಳೆಗಳನ್ನು ಜೋಡಿಸುವುದು ಇವಕ್ಕೆ 300. ಮಗ್ಗದ ರಿಪೇರಿಗೆ 100. ಸೀರೆ ಮಾರಾಟವಾಗುವವರೆಗೆ ಹಣ ಸಿಕ್ಕಿಕೊಂಡಿರುವ ಬಡ್ಡಿ ಮತ್ತು ಸಾಗಾಟಕ್ಕೆ 150. ಒಟ್ಟು 2950 ರೂಪಾಯಿ. ಇದರಲ್ಲಿ ಲಾಭವೆಂಬುದು ಇನ್ನೂ ಒಂದು ಕಾಸೂ ಸೇರಿಲ್ಲ. ಆದರೆ ನಮ್ಮಲ್ಲಿ ನಡೆಯುವುದೇನು? ಕೊಳ್ಳುವವರು "ಎರಡೂವರೆ ಸಾವಿರಕ್ಕೆ ಕೊಡು" ಎನ್ನುತ್ತಾರೆ. ನೇಕಾರನು ತನ್ನ ಕೈಯಿಂದ ಹೋದ ನಗದು 900 ಮಾತ್ರವೆಂದು ಎಣಿಸಿ ಒಪ್ಪಿಕೊಳ್ಳುತ್ತಾನೆ. ಕಡಿಮೆಯಾದ 450 ರೂಪಾಯಿ ಎಲ್ಲಿಂದ ಹೋಯಿತು? ಮನೆಯಾಕೆಯೂ ಮುದುಕಿ ತಾಯಿಯೂ ರಾಟೆಯ ಮುಂದೆ ಕುಳಿತು ಸುತ್ತಿದ 300 ಪೂರ್ತಿಯಾಗಿ ಹೋಯಿತು. ಅದರ ಮೇಲೆ ಬಡ್ಡಿ ಸಾಗಾಟದ 150 ಕೂಡ ಹೋಯಿತು. ಹೆಂಗಸರ ದುಡಿಮೆಗೆ ಬೆಲೆಯೇ ಇಲ್ಲವೆಂದು ಎಣಿಸಿದ ಕಡೆಯಲ್ಲೆಲ್ಲ ಕಸಬು ಒಳಗಿನಿಂದ ಸವೆಯುತ್ತದೆ. ಇಂತಹ ಮನೆಯ ಮಗಳು ನೇಕಾರರ ಮನೆಗೆ ಸೊಸೆಯಾಗಿ ಹೋಗಲು ಒಪ್ಪದಿದ್ದರೆ ಅದರಲ್ಲಿ ಸೋಜಿಗವೇನು? ಆದುದರಿಂದ ಪ್ರತಿಯೊಂದು ನೇಕಾರ ಮನೆಯಲ್ಲಿಯೂ ಈ ಐದು ಬಾಬುಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟಿರತಕ್ಕದ್ದು. ಗಿರಾಕಿ ಚೌಕಾಸಿ ಮಾಡಿದಾಗ ಆ ಹಾಳೆಯನ್ನೇ ಅವರ ಮುಂದಿಟ್ಟು, "ಇದರಲ್ಲಿ ಯಾವುದನ್ನು ಕಳೆಯಲಿ, ತಾಯಿ?" ಎಂದು ಸೌಜನ್ಯದಿಂದ ಕೇಳಬಹುದು. ಲೆಕ್ಕ ತಿಳಿದ ಮೇಲೂ ಚೌಕಾಸಿ ಮಾಡುವವರು ವಿರಳ.

ಮೂರನೆಯದು ವಿಶ್ವಾಸ. ಇಂದು ಯಂತ್ರದ ಮಗ್ಗದಲ್ಲಿ ಕೃತಕ ನೂಲಿನಿಂದ ನೇಯ್ದ ಬಟ್ಟೆಗೂ ನಾರಾಯಣಪೇಟೆ, ಗದ್ವಾಲ ಎಂಬ ಹೆಸರಿಟ್ಟು ಮಾರುವುದುಂಟು. ಕೆಲವು ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೆಂದೇ ಮೀಸಲಿರಿಸಿದ ಶಾಸನ 1985ರಲ್ಲಿ ಬಂದಿತು. ಊರಿನ ಹೆಸರನ್ನು ಊರಿನ ಸರಕಿಗೇ ಕಾಯ್ದಿರಿಸುವ ಭೌಗೋಳಿಕ ಗುರುತಿನ ಶಾಸನ 1999ರಲ್ಲಿ ಆಗಿ 2003ರಲ್ಲಿ ಜಾರಿಗೆ ಬಂದಿತು. ನಮ್ಮ ಎರಡು ಸೀರೆಗಳೂ ಆ ಗುರುತನ್ನು ಪಡೆದಿವೆ. ಕೈಮಗ್ಗದ ಮುದ್ರೆ 2006ರಲ್ಲಿ ಬಳಕೆಗೆ ಬಂದಿತು. ಇವೆಲ್ಲ ಒಳ್ಳೆಯವೇ. ಆದರೆ ಅಂಗಡಿಯಲ್ಲಿ ನಿಂತ ಹೆಣ್ಣುಮಗಳು ಕಾಯಿದೆಯ ಪುಸ್ತಕವನ್ನು ತೆರೆದು ನೋಡುವುದಿಲ್ಲ. ಅವಳಿಗೆ ಕಣ್ಣು ಕೈಗಳಿಗೆ ಎಟಕುವ ಗುರುತು ಬೇಕು. ಅದನ್ನು ಅವಳಿಗೆ ಕಲಿಸುವವನು ನೇಕಾರನೇ ಆಗಬೇಕು. ಮಗ್ಗದ ಮೇಲೆ ಬಟ್ಟೆಯ ಅಗಲ ಕುಗ್ಗದಂತೆ ಅಡ್ಡಕಡ್ಡಿಯನ್ನು ಕೊಟ್ಟು ಬಿಗಿಯುತ್ತಾರಷ್ಟೆ. ಅದರ ಮೊಳೆಗಳು ಊರಿದ ಸಣ್ಣ ರಂಧ್ರಗಳು ಕೈಮಗ್ಗದ ಸೀರೆಯ ಎರಡು ಬದಿಯ ದಡಿಯಲ್ಲಿ ಕಾಣುತ್ತವೆ. ಗದ್ವಾಲದ ಸೀರೆಯ ಹಿಂಬದಿಯನ್ನು ತಿರುವಿದರೆ ಅಂಚು ಒಡಲುಗಳ ಹೆಣಿಗೆ ಬೆರಳಿಗೆ ತಗಲುತ್ತದೆ. ಒಂದೆರಡು ಎಳೆಗಳನ್ನು ಕಿತ್ತು ದೀಪಕ್ಕೆ ಹಿಡಿದರೆ ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ನೂಲಿನ ನಂಬರೆಂದರೇನೆಂಬುದನ್ನೂ ಹೇಳಿಕೊಡಬಹುದು. 840 ಗಜದ ಎಂಬತ್ತು ಲಡಿಗಳು ಕೂಡಿ ಒಂದು ಪೌಂಡು ತೂಗಿದರೆ ಅದು ಎಂಬತ್ತನೆಯ ನಂಬರಿನ ನೂಲು. ಎಂದರೆ ಒಂದು ಪೌಂಡಿನಲ್ಲಿ 67,200 ಗಜ, ಮೂವತ್ತೆಂಟು ಮೈಲಿಗೂ ಮಿಗಿಲಾದ ಉದ್ದ! ಇದನ್ನು ಕೇಳಿದವರು ಬಟ್ಟೆಯನ್ನು ಮೊದಲಿನಂತೆ ಮುಟ್ಟುವುದಿಲ್ಲ. ಇಷ್ಟಾದ ಮೇಲೆ ನೇಕಾರನೂ ತನ್ನ ಮಾತಿಗೆ ಬದ್ಧನಾಗಿರಬೇಕು. ಬೆರಕೆ ನೂಲಾದರೆ ಬೆರಕೆಯೆಂದೂ, ಜರಿ ಬೆಳ್ಳಿಯದಲ್ಲವಾದರೆ ಅಲ್ಲವೆಂದೂ, ಮೊದಲ ಒಗೆತದಲ್ಲಿ ಬಣ್ಣ ಬಿಡುವುದಾದರೆ ಬಿಡುತ್ತದೆಂದೂ ತಾನಾಗಿ ಹೇಳಬೇಕು. ಒಮ್ಮೆ ಮೋಸ ಹೋದ ಗಿರಾಕಿ ಒಬ್ಬಳೇ ದೂರವಾಗುವುದಿಲ್ಲ; ಅವಳ ಓಣಿಯೆಲ್ಲ ದೂರವಾಗುತ್ತದೆ. "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂದು ಹಿರಿಯರು ಆಡಿದ ಗಾದೆಯ ಉತ್ತರಾರ್ಧ ನೇಕಾರನ ಬಾಗಿಲಿನ ಮೇಲೆ ಬರೆಯತಕ್ಕದ್ದಾಗಿದೆ.

ಅನ್ಯರ ಅನುಭವದಿಂದಲೂ ನಾವು ಕಲಿಯಬಹುದು. ದಕ್ಷಿಣ ಕನ್ನಡದ ಉಡುಪಿ ಸೀರೆಯ ನೇಕಾರರು ಕೆಲವೇ ಮಂದಿ ವೃದ್ಧರಾಗಿ ಉಳಿದಿದ್ದ ಕಾಲದಲ್ಲಿ, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘವೂ ಕದಿಕೆ ಟ್ರಸ್ಟ್ ಎಂಬ ಸಂಸ್ಥೆಯೂ ಕೂಡಿ ಕೆಲಸಕ್ಕೆ ಕೈಹಾಕಿದುವು. ನೇಯ್ದವರ ಹೆಸರು, ಭಾವಚಿತ್ರಗಳುಳ್ಳ ಚೀಟಿಯನ್ನು ಸೀರೆಗೆ ಕೂಡಿಸಿ ಕೊಡುವುದು ಅವರ ಕ್ರಮಗಳಲ್ಲೊಂದು. ಉಟ್ಟವಳಿಗೂ ನೇಯ್ದವನಿಗೂ ಕಡಿದುಹೋಗಿದ್ದ ಪರಿಚಯವನ್ನು ಒಂದು ಚೀಟಿ ಮತ್ತೆ ಕೂಡಿಸಿತು. ಸಾಗರದ ಬಳಿಯ ಹೆಗ್ಗೋಡು ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನರು ಕಟ್ಟಿದ ಚರಕ ಎಂಬ ಮಹಿಳೆಯರ ಸಂಸ್ಥೆ, ಹಳ್ಳಿಯಲ್ಲಿ ನೇಯ್ದ ಬಟ್ಟೆಯನ್ನು ಪಟ್ಟಣದಲ್ಲಿ ಮಾರುವುದಕ್ಕೆ ದೇಸಿ ಎಂಬ ಬೇರೆಯೇ ಅಂಗಡಿಗಳ ಏರ್ಪಾಟನ್ನು ಮಾಡಿಕೊಂಡಿತು. ನೇಯುವುದು ಒಂದು ವಿದ್ಯೆ, ಮಾರುವುದು ಇನ್ನೊಂದು ವಿದ್ಯೆ ಎಂಬ ತತ್ತ್ವವನ್ನು ಅದು ತೋರಿಸಿತು. ಅಂತಹ ಸಂಸ್ಥೆಯೂ 2020ರ ಕೊರೋನಾ ವರ್ಷದಲ್ಲಿ ಸರಕು ಮಾರಾಟವಾಗದೆ ರಾಶಿಬಿದ್ದು ತೀವ್ರ ಸಂಕಟಕ್ಕೆ ಸಿಲುಕಿತೆಂಬುದನ್ನು ಮರೆಯಬಾರದು. ಮೊದಲು ನೇಯ್ದು ಆಮೇಲೆ ಗಿರಾಕಿಯನ್ನು ಕಾಯುವುದರಲ್ಲಿ ಅಪಾಯವಿದ್ದೇ ಇದೆ. ಕೈಕಸಬುಗಳ ಮಾತು ಬಂದಾಗ ಮಂಗಳೂರಿನಲ್ಲಿ ಹುಟ್ಟಿ ದೇಶಕ್ಕೆಲ್ಲ ಬೇಕಾದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೆನೆಯುವುದೂ ನಮ್ಮ ಕರ್ತವ್ಯ. 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯ ನೇತೃತ್ವ ವಹಿಸಿ, ಹಳ್ಳಿಯ ಕುಶಲಿಗೂ ಪಟ್ಟಣದ ಕೊಳ್ಳುಗನಿಗೂ ನಡುವೆ ಸೇತುವೆ ಕಟ್ಟಲು ಶ್ರಮಿಸಿದ ಮಹಾತಾಯಿ ಅವರು.

ಈಗ ಎಂಟರ ಲೆಕ್ಕಕ್ಕೆ ಬರುತ್ತೇವೆ. ಇಂದಿನ ಭಾಷಣದಲ್ಲಿ ನಾವು ಸಂಘದ ಮುಂದಿಡುವ ಮುಖ್ಯ ಸೂಚನೆ ಇದೇ. ಒಬ್ಬ ಗಿರಾಕಿ ಬಂದು ತನಗೆ ಇಂತಹ ಬಣ್ಣದ ಒಂದೇ ಸೀರೆ ಬೇಕೆಂದರೆ ನೇಕಾರನು ಒಪ್ಪಲಾರ. ಏಕೆಂದರೆ ಅವನ ಹಾಸು ಎಂಟು ಸೀರೆಯದು. ಉಳಿದ ಏಳನ್ನು ಯಾರಿಗೆ ಮಾರುವುದು? ಆದರೆ ಎಂಟು ಮನೆಗಳು ಕೂಡಿ ಬಂದರೆ? ಒಂದು ಓಣಿಯ ಎಂಟು ಮನೆ, ಒಂದು ಶಾಲೆಯ ಎಂಟು ಶಿಕ್ಷಕಿಯರು, ಒಂದು ಮದುವೆಯ ಬೀಗರ ಕಡೆಯ ಎಂಟು ಹೆಂಗಸರು. ಹಾಸಿನ ಬಣ್ಣವನ್ನು ಎಲ್ಲರೂ ಕೂಡಿ ಆರಿಸಿಕೊಳ್ಳಲಿ. ಹೊಕ್ಕಿನ ಬಣ್ಣವನ್ನೂ ಸೆರಗನ್ನೂ ನೇಕಾರನೊಡನೆ ಸಮಾಲೋಚಿಸಿ ತಮತಮಗೆ ಬೇಕಾದಂತೆ ಬದಲಿಸಿಕೊಳ್ಳಲಿ. ನಾವು ಮೇಲೆ ಹೇಳಿದ ಲೆಕ್ಕದಂತೆ ಪ್ರತಿ ಮನೆಯವರೂ ಮುಂಗಡವಾಗಿ ಒಂದು ಸಾವಿರ ಕೊಟ್ಟರೆ ಎಂಟು ಸಾವಿರ ಕೂಡುತ್ತದೆ. ಎಂಟು ಸೀರೆಯ ನೂಲು, ಜರಿ, ಬಣ್ಣಗಳಿಗೆ 7200 ಕಳೆದು ಹಾಸು ಹೂಡುವ ಖರ್ಚಿಗೆ ಇನ್ನೂ 800 ಉಳಿಯುತ್ತದೆ. ನೇಕಾರನು ಸಾಲಕ್ಕೆ ಕೈಯೊಡ್ಡಬೇಕಾಗಿಲ್ಲ. ನೇಯುವ ಮೊದಲೇ ಸೀರೆಗೆ ಮನೆ ಗೊತ್ತಾಗಿರುತ್ತದೆ. ಉಳಿದ ಹಣವನ್ನು ಸೀರೆ ಕೈಗೆ ಬಂದ ದಿನವೇ, ಉದ್ದರಿಯಿಲ್ಲದೆ, ಸಲ್ಲಿಸಬೇಕು. ವರ್ಷಕ್ಕೆ ಇಂತಹ ಹತ್ತು ಗುಂಪುಗಳಾದರೆ ಒಂದು ಮಗ್ಗ ಉಳಿಯಿತು. ಇದಕ್ಕೆ ಕಟ್ಟಡ ಬೇಡ, ಸರಕಾರದ ಮಂಜೂರಾತಿ ಬೇಡ. ಗದಗು ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದಾಗ ಅವರ ಬಳಿ ಇದ್ದುದೂ ನೆರೆಹೊರೆಯವರ ವಿಶ್ವಾಸವೆಂಬ ಬಂಡವಾಳವೇ.

ಈ ಎಂಟು ಎಂಟು ಮನೆಗಳನ್ನು ಎಲ್ಲಿ ಹುಡುಕಬೇಕು? ಮೊದಲು ಹೊಳೆಯಾಚೆಯ ನೆಂಟರಲ್ಲಿ. ರಾಯಚೂರು, ಯಾದಗಿರಿ, ಕಲಬುರಗಿಗಳಲ್ಲಿ ನಮ್ಮ ಹೆಣ್ಣುಮಕ್ಕಳು ಸಂಸಾರ ಮಾಡುತ್ತಿದ್ದಾರೆ. ಗದ್ವಾಲದಿಂದ ರಾಯಚೂರಿಗೆ 2013ರಲ್ಲಿಯೂ, ಮಕ್ತಲದ ಮಾರ್ಗವಾಗಿ ಕೃಷ್ಣಾ ನಿಲ್ದಾಣಕ್ಕೆ 2023ರಲ್ಲಿಯೂ ರೈಲು ದಾರಿ ಕೂಡಿಕೊಂಡಿತು. ತವರಿಗೆ ಬಂದ ಮಗಳು ಹಿಂದಿರುಗುವಾಗ ಕಟ್ಟಿಕೊಡುವ ಬುತ್ತಿಯೊಡನೆ ಎರಡು ಸೀರೆಯ ಮಾದರಿಯೂ ಹೋಗಲಿ. ಎರಡನೆಯದಾಗಿ, ದಿನವೂ ಹತ್ತಿಯ ಬಟ್ಟೆ ಉಡುವವರಲ್ಲಿ. ನಮ್ಮ ಬಿಸಿಲಿನಲ್ಲಿ ಶಾಲೆಗೆ, ಆಸ್ಪತ್ರೆಗೆ, ಕಚೇರಿಗೆ ಹೋಗುವ ಹೆಣ್ಣುಮಕ್ಕಳಿಗೆ ಕೈಮಗ್ಗದ ಹತ್ತಿಗಿಂತ ಹಿತವಾದುದಿಲ್ಲ. ಮೂರನೆಯದಾಗಿ, ದೂರದ ಕನ್ನಡ ಸಂಸ್ಥೆಗಳಲ್ಲಿ. ಹೈದರಾಬಾದಿನ ಕರ್ನಾಟಕ ಸಾಹಿತ್ಯ ಮಂದಿರದಂತಹ ಸಂಸ್ಥೆಗಳ ಉತ್ಸವದ ದಿನ ಅನುಮತಿ ಪಡೆದು ಒಂದು ಮೇಜಿನಷ್ಟು ಜಾಗದಲ್ಲಿ ಸೀರೆಗಳನ್ನು ಹರವಿದರೆ, ತವರಿನ ನೆಲದ ನೂಲನ್ನು ಮುಟ್ಟಿ ನೋಡದೆ ಮುಂದೆ ಹೋಗುವವರಿರಲಾರರು. ನಾಲ್ಕನೆಯದಾಗಿ, ಮದುವೆಯ ಮನೆಗಳಲ್ಲಿ. ಲಗ್ನದ ತಿಂಗಳುಗಳು ಪಂಚಾಂಗದಲ್ಲಿ ಮೊದಲೇ ಗೊತ್ತಾಗಿರುತ್ತವೆ; ಮದುವೆಗೆ ಮೂರು ತಿಂಗಳು ಮುಂಚೆ ಹೋಗಿ ಕೇಳಿದವನಿಗೆ ಕೆಲಸ ದೊರೆಯುತ್ತದೆ, ಮೂರು ದಿನ ಮುಂಚೆ ಹೋದವನಿಗೆ ಊಟ ಮಾತ್ರ ದೊರೆಯುತ್ತದೆ.

ಐದನೆಯ ಗಿರಾಕಿ ಈ ವೇದಿಕೆಯ ಮೇಲೆಯೇ ಇದ್ದಾನೆ. ಅವನೇ ನಮ್ಮ ಸಂಘ. ನಾಡಿನಲ್ಲೆಲ್ಲ ಸನ್ಮಾನ ಸಭೆಗಳು ನಡೆಯುತ್ತವೆ. ಹೊದಿಸುವ ಶಾಲು ಬಹುತೇಕ ಯಂತ್ರದ ಕೃತಕ ನೂಲಿನದು. ಸನ್ಮಾನಿತರು ಮನೆಗೊಯ್ದು ಪೆಟ್ಟಿಗೆಯಲ್ಲಿಟ್ಟು, ಮುಂದೆ ಇನ್ನೊಬ್ಬರ ಸನ್ಮಾನಕ್ಕೆ ಅದನ್ನೇ ಬಳಸುವುದೂ ಉಂಟೆಂದು ಹಾಸ್ಯವಾಗಿ ಹೇಳುತ್ತಾರೆ. ನೇಕಾರರ ಸೀಮೆಯ ಸಂಘವು ತನ್ನ ಅತಿಥಿಗಳಿಗೆ ನೇಕಾರನ ಹೆಸರಿರುವ ಚೀಟಿಯೊಡನೆ ಕೈಮಗ್ಗದ ಪಂಚೆಯನ್ನೋ ಸೀರೆಯನ್ನೋ ಕೊಟ್ಟರೆ, ಅತಿಥಿ ಅದನ್ನು ಉಡುತ್ತಾನೆ, ಉಟ್ಟು ಹೇಳುತ್ತಾನೆ. "ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಗೆ ಪರಿಹಾರ ಹಿತ್ತಲಿನಿಂದಲೇ ಆರಂಭವಾಗಬೇಕು.

ಇನ್ನು ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಪ್ರಯೋಜನವೇನೆಂದು ತಂದೆತಾಯಿಗಳು ನಮ್ಮನ್ನು ಕೇಳುವುದುಂಟು. ಆ ದೊಡ್ಡ ಪ್ರಶ್ನೆಗೆ ಇಡಿಯಾದ ಉತ್ತರವನ್ನು ಇಂದು ಕೊಡುವುದಿಲ್ಲ; ಒಂದು ತುಣುಕನ್ನು ಕೊಡುತ್ತೇವೆ. ಮನೆಯ ಗಿರಾಕಿಗಳ ಪುಸ್ತಕವನ್ನು ಇಟ್ಟುಕೊಳ್ಳಬಲ್ಲವರು ನೀವು. ಯಾರು, ಯಾವ ಊರು, ಯಾವ ಬಣ್ಣ ಇಷ್ಟ, ಹಿಂದೆ ಎಂದು ಕೊಂಡರು, ಮನೆಯಲ್ಲಿ ಮುಂದಿನ ಶುಭಕಾರ್ಯ ಎಂದು, ಇವನ್ನು ಅಂದವಾದ ಅಕ್ಷರದಲ್ಲಿ ಬರೆದಿಡಿರಿ. ಸೀರೆಯೊಡನೆ ಹೋಗುವ ಚೀಟಿಯನ್ನು ತಪ್ಪಿಲ್ಲದ ಕನ್ನಡದಲ್ಲಿ ಬರೆಯಿರಿ: ಇದನ್ನು ನೇಯ್ದವರು ಇಂತಹವರು, ನೂಲು ಇಂತಹುದು, ದಿನ ಇಷ್ಟು, ಒಗೆಯುವ ಕ್ರಮ ಹೀಗೆ. ನಿಮ್ಮ ಕೈಯಲ್ಲಿರುವ ಮೊಬೈಲಿನಿಂದ ಸೀರೆಯ ಚಿತ್ರವನ್ನು ಮುಂಜಾನೆಯ ನೆರಳುಬೆಳಕಿನಲ್ಲಿ ತೆಗೆಯಿರಿ. ವಾಟ್ಸಾಪಿನಲ್ಲಿ ಕಳಿಸುವಾಗ, ಕಣ್ಣಿಗೆ ಕಾಣುವ ಬಣ್ಣಕ್ಕೂ ಚಿತ್ರದ ಬಣ್ಣಕ್ಕೂ ಸ್ವಲ್ಪ ವ್ಯತ್ಯಾಸವಿರುವುದೆಂದು ಕೆಳಗೆ ಬರೆಯಿರಿ. ಹಣ ಬಂದೊಡನೆ ರಸೀತಿ, ಸೀರೆ ಅಂಚೆಗೆ ಹಾಕಿದೊಡನೆ ಸುದ್ದಿ, ತಲಪಿದ ವಾರಕ್ಕೆ ಕುಶಲಪ್ರಶ್ನೆ. ರಾಯಚೂರಿನ ಗಿರಾಕಿಗೆ ಕನ್ನಡದಲ್ಲಿ, ಹೈದರಾಬಾದಿನವರಿಗೆ ತೆಲುಗಿನಲ್ಲಿ ಬರೆಯಬಲ್ಲ ಗಡಿನಾಡಿನ ಮಗುವಿಗೆ ಎರಡು ಪೇಟೆಗಳ ಬಾಗಿಲು ತೆರೆದಿರುತ್ತದೆ. ಎರಡು ಭಾಷೆಗಳ ನಡುವೆ ಬಾಳುವುದು ನಮ್ಮ ಪಾಲಿಗೆ ಕೊರತೆಯಲ್ಲ, ಹಾಸುಹೊಕ್ಕು.

ಕೆಲವರು ಆಕ್ಷೇಪಿಸಬಹುದು: ನಾಲ್ಕುನೂರು ರೂಪಾಯಿಗೆ ಮಿರುಗುವ ಸೀರೆ ದೊರೆಯುವಾಗ ಬಡವರು ಇದನ್ನು ಹೇಗೆ ಕೊಳ್ಳಬೇಕು? ಆಕ್ಷೇಪಣೆ ನ್ಯಾಯವಾದುದು. ದಿನಗೂಲಿಯ ತಾಯಿಗೆ ಕೈಮಗ್ಗದ ವ್ರತವನ್ನು ಬೋಧಿಸುವ ಅಧಿಕಾರ ಯಾರಿಗೂ ಇಲ್ಲ. ನಾವು ಕೇಳುತ್ತಿರುವುದು ಸಂಬಳದ ಮನೆಗಳನ್ನು, ಮದುವೆಗೆ ದೂರದ ಪಟ್ಟಣಕ್ಕೆ ಹೋಗಿ ಕೇಳಿದಷ್ಟು ಬೆಲೆ ತೆತ್ತು ಬರುವ ಮನೆಗಳನ್ನು. ಬೆಳಕಿನ ಅಂಗಡಿಯಲ್ಲಿ ಬೆಲೆಯ ಚೀಟಿಯನ್ನು ನೋಡಿ ಸುಮ್ಮನಿರುವ ನಾಲಗೆ, ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತವನ ಮುಂದೆ ಮಾತ್ರ ಏಕೆ ಚುರುಕಾಗುತ್ತದೆಂಬುದನ್ನು ಅವರವರೇ ವಿಚಾರಿಸಿಕೊಳ್ಳಲಿ.

2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಬಂದಾಗ ಗದ್ವಾಲ ಸೀರೆಯ ನೇಕಾರರ ಊರಾದ ರಾಜೋಳಿ ನೀರುಪಾಲಾದುದನ್ನು ಹಿರಿಯರು ಬಲ್ಲರು. ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಪ್ರವಾಹವೇ ಪರಮ ಶತ್ರು; ನೂಲು, ಹಾಸು, ಹಣಿಗೆ ಒಂದೂ ಉಳಿಯದು. ಅಂತಹ ದಿನ ನೇಕಾರನ ಬಳಿ ಉಳಿಯುವುದು ಎರಡೇ: ಬೆರಳುಗಳಲ್ಲಿರುವ ವಿದ್ಯೆ, ಮತ್ತು ತನ್ನನ್ನು ಹೆಸರಿನಿಂದ ಬಲ್ಲ ಮನೆಗಳು. ಮೊದಲನೆಯದನ್ನು ಅವನ ತಂದೆತಾತಂದಿರು ಕೊಟ್ಟಿದ್ದಾರೆ. ಎರಡನೆಯದನ್ನು ಕೊಡಬೇಕಾದವರು ನಾವು, ನೀವು.

2019-20ರ ಕೈಮಗ್ಗ ಗಣತಿಯಲ್ಲಿ ದೇಶದ ನೇಕಾರರೂ ಮಗ್ಗದ ಉಪಕಸಬುಗಳವರೂ ಸೇರಿ 35 ಲಕ್ಷ ಮಂದಿಯ ಲೆಕ್ಕ ಸಿಕ್ಕಿತು. ಅಷ್ಟು ಜನರ ಭಾರವನ್ನು ಹೊರುವ ಶಕ್ತಿ ನಮ್ಮ ಸಣ್ಣ ಸಂಘಕ್ಕಿಲ್ಲ. ಆದರೆ ಒಂದು ಮಗ್ಗಕ್ಕೆ ಎಂಬತ್ತು ಗಿರಾಕಿಗಳೆಂಬ ಲೆಕ್ಕ ನಮ್ಮ ಕೈಯಳತೆಯದು. ಆದುದರಿಂದ ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ವಿನಯಪೂರ್ವಕವಾಗಿ ಮೂರು ಬೇಡಿಕೆಗಳನ್ನು ಇಡುತ್ತೇವೆ. ಈ ವರ್ಷದಿಂದ ಸಂಘದ ಸನ್ಮಾನಗಳೆಲ್ಲ ಕೈಮಗ್ಗದ ವಸ್ತ್ರದಿಂದಲೇ ಆಗಲಿ. ಎಂಟು ಮನೆಯ ಮೊದಲನೆಯ ಗುಂಪನ್ನು ಇಂದಿನ ಸಭೆಯಲ್ಲಿಯೇ ಕಟ್ಟಿ, ಒಂದು ಹಾಸಿಗೆ ಮುಂಗಡ ಕೊಡಲಿ. ಮುಂದಿನ ವಾರ್ಷಿಕೋತ್ಸವದಲ್ಲಿ ಆ ಸೀರೆಗಳನ್ನು ನೇಯ್ದವರನ್ನು ಸಭೆಯ ಹಿಂದೆ ನಿಲ್ಲಿಸದೆ, ಈ ವೇದಿಕೆಯ ಮೇಲೆ ಕುಳ್ಳಿರಿಸಲಿ. ಮೊದಲನೆಯ ಗುಂಪಿನ ಒಂದು ಮನೆಯಾಗಿ ನಮ್ಮ ಮನೆಯ ಹೆಸರನ್ನು ಈಗಲೇ ಬರೆಸುತ್ತೇವೆ. ಇನ್ನು ಏಳು ಹೆಸರುಗಳು ಬೇಕಾಗಿವೆ.

 ಸಂಘವು ಚಿರಾಯುವಾಗಲಿ, ಕೃಷ್ಣೆಯ ದಂಡೆಯ ಮಗ್ಗಗಳ ಸದ್ದು ನಿಲ್ಲದಿರಲಿ.